ಮಾನವ ಕಳ್ಳಸಾಗಣೆ ತಡೆಗೆ ರಾಜ್ಯಕ್ಕೇ ಬೇರೆ ಕಾಯ್ದೆ ಬೇಕಾ? ಬಂದರೆ ಅದರಲ್ಲಿ ಏನಿರಬೇಕು?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದವರು ಸೇರಿ ಶಾಸಕರಿಗೆ ಒಂದು ಮನವಿ ಸಿದ್ಧ ಮಾಡುತ್ತಿದ್ದೇವೆ. ಮಾನವ ಕಳ್ಳಸಾಗಣೆ ತಡೆಯೋಕೆ ಕರ್ನಾಟಕಕ್ಕೆ ತನ್ನದೇ ಆದ ಗಟ್ಟಿ ಕಾಯ್ದೆ ಬೇಕು ಅನ್ನುವುದು ಬೇಡಿಕೆ. ಮೊದಲ ಕರಡಿನಲ್ಲಿ ಮೂರೇ ಸಾಲು ಇವೆ: ಶಿಕ್ಷೆ ಜಾಸ್ತಿ ಮಾಡಿ, ಜಾಮೀನು ಕೊಡಬೇಡಿ, ಬೇಗ ತೀರ್ಪು ಕೊಡಿ. ಓದಿದವರು ಯಾರೂ ಬೇಡ ಅನ್ನುವುದಿಲ್ಲ. ಆದರೆ ಶಾಸಕರು ‘ಕೇಂದ್ರದ ಕಾನೂನು ಇದೆಯಲ್ಲ, ಅದರಲ್ಲಿ ಏನು ಕಮ್ಮಿ ಇದೆ?’ ಅಂತ ಕೇಳಿದರೆ ನಮ್ಮಲ್ಲಿ ಉತ್ತರ ಇಲ್ಲ. ಇಲ್ಲಿ ಕೋರ್ಟು, ಕಾರ್ಮಿಕ ಸಂಘಟನೆ, ಪುನರ್ವಸತಿ ಕೆಲಸ ಮಾಡಿದವರು ಇದ್ದೀರಿ. ಸುಮ್ನೆ ಹೊಗಳಬೇಡಿ, ಎಲ್ಲಿ ಕೊರತೆ ಇದೆ ಅಂತ ಹೇಳಿ.

ಕೋರ್ಟು ಕಾರಿಡಾರ್

ಮೊದಲು ಇರುವುದನ್ನು ಹೇಳಿಬಿಡುತ್ತೇನೆ. ಸಂವಿಧಾನದ 23ನೇ ವಿಧಿಯೇ ಮನುಷ್ಯರ ಮಾರಾಟವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದೆ. 2013ರಲ್ಲಿ, ದಿಲ್ಲಿಯ ಸಾಮೂಹಿಕ ಅತ್ಯಾಚಾರದ ಬಳಿಕ ರಚಿಸಿದ ವರ್ಮಾ ಸಮಿತಿಯ ವರದಿ ಬಂದ ಮೇಲೆ ಭಾರತೀಯ ದಂಡ ಸಂಹಿತೆಯ 370ನೇ ಕಲಮನ್ನು ಪೂರ್ತಿ ಬದಲಾಯಿಸಿದರು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಇದೆ.

ಶಿಕ್ಷೆ ನೋಡಿ. ಒಬ್ಬ ವಯಸ್ಕರನ್ನು ಸಾಗಿಸಿದರೆ 7ರಿಂದ 10 ವರ್ಷ. ಒಬ್ಬರಿಗಿಂತ ಹೆಚ್ಚು ಜನರಾದರೆ, ಅಥವಾ ಒಂದೇ ಒಂದು ಮಗುವಾದರೂ, 10 ವರ್ಷದಿಂದ ಜೀವಾವಧಿ. ಒಂದಕ್ಕಿಂತ ಹೆಚ್ಚು ಮಕ್ಕಳಾದರೆ ಕನಿಷ್ಠವೇ 14 ವರ್ಷ. ಪೊಲೀಸರೋ ಸರ್ಕಾರಿ ನೌಕರರೋ ಇದರಲ್ಲಿ ಕೈಜೋಡಿಸಿದ್ದರೆ ಉಸಿರಿರುವ ತನಕ ಜೈಲು. ‘ಅವಳೇ ಒಪ್ಪಿ ಬಂದಳು’ ಅನ್ನುವ ವಾದಕ್ಕೂ ಜಾಗ ಇಲ್ಲ, ಒಪ್ಪಿಗೆ ಲೆಕ್ಕಕ್ಕಿಲ್ಲ ಅಂತ ಕಲಮಿನಲ್ಲೇ ಬರೆದಿದೆ. ಜಾಮೀನು ಈಗಲೂ ಹಕ್ಕಲ್ಲ, ಕೋರ್ಟಿನ ವಿವೇಚನೆ.

ಇದಕ್ಕಿಂತ ಎಷ್ಟು ಜಾಸ್ತಿ ಮಾಡಿಸುತ್ತೀರಿ? ಇಷ್ಟು ದೊಡ್ಡ ದೇಶದಲ್ಲಿ 2022ರಲ್ಲಿ ದಾಖಲಾದ ಪ್ರಕರಣ 2,200 ಚಿಲ್ಲರೆ. ಪ್ರಕರಣ ದಾಖಲೇ ಆಗದಿದ್ದರೆ ಶಿಕ್ಷೆ 10 ವರ್ಷ ಇದ್ದರೇನು, 20 ಇದ್ದರೇನು.

ನೇರ ಮಾತು

ಇದೇ ವಕೀಲರ ಸಮಸ್ಯೆ. ಮಕ್ಕಳನ್ನು ಮಾರುವವರಿಗೆ ಗಲ್ಲು ಅಂತ ಒಂದು ಸಾಲು ಬರೆದರೆ ದಲ್ಲಾಳಿಗಳು ತಾವೇ ನಡುಗುತ್ತಾರೆ. ರಾಜ್ಯ ಸರ್ಕಾರಕ್ಕೆ ಧೈರ್ಯ ಇದ್ದರೆ ಒಂದೇ ಅಧಿವೇಶನದಲ್ಲಿ ಮಾಡಬಹುದು.

ಕೋರ್ಟು ಕಾರಿಡಾರ್

ಒಂದೇ ಅಧಿವೇಶನದಲ್ಲಿ ಅಂಗೀಕಾರ ಆಗಬಹುದು ಸರ್, ಆಮೇಲೆ ಏನಾಗುತ್ತದೆ ಕೇಳಿ. ಅಪರಾಧ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಬರೆಯಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾಗಿ ರಾಜ್ಯ ಬರೆದರೆ, 254ನೇ ವಿಧಿಯ ಪ್ರಕಾರ ರಾಷ್ಟ್ರಪತಿಯ ಅಂಕಿತ ಬೇಕು. ಆಂಧ್ರ 2019ರಲ್ಲಿ ‘ದಿಶಾ’ ಮಸೂದೆ ತಂದಿತು. ಮಹಾರಾಷ್ಟ್ರ 2021ರಲ್ಲಿ ‘ಶಕ್ತಿ’ ಮಸೂದೆ ಅಂಗೀಕರಿಸಿತು. ಪಶ್ಚಿಮ ಬಂಗಾಳ 2024ರ ಸೆಪ್ಟೆಂಬರ್‌ನಲ್ಲಿ ‘ಅಪರಾಜಿತ’ ತಂದಿತು. ಅವು ಅತ್ಯಾಚಾರಕ್ಕೆ ಸಂಬಂಧಪಟ್ಟವು, ಇದಕ್ಕಲ್ಲ. ಆದರೆ ಮೂರಕ್ಕೂ ದೊಡ್ಡ ಚಪ್ಪಾಳೆ ಬಿತ್ತು, ಮೂರೂ ಅಂಕಿತ ಸಿಗದೆ ಉಳಿದವು. ಬರೀ ಶಿಕ್ಷೆ ಹೆಚ್ಚಿಸುವ ಮಸೂದೆ ಕೇಳಿದರೆ ನಿಮ್ಮ ಮನವಿಯೂ ಅದೇ ಸಾಲಿನಲ್ಲಿ ನಿಲ್ಲುತ್ತದೆ.

ಕೇಂದ್ರದ ಕಥೆಯೂ ಅಷ್ಟೇ. ಪುನರ್ವಸತಿ ಸಮಿತಿ, ನಿಧಿ ಎಲ್ಲ ಇದ್ದ ಮಾನವ ಸಾಗಣೆ ಮಸೂದೆ 2018ರ ಜುಲೈನಲ್ಲಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆ ದಾಟುವ ಮೊದಲೇ 2019ರ ಚುನಾವಣೆ ಬಂತು, ಮಸೂದೆ ಬಿದ್ದುಹೋಯಿತು. 2021ರಲ್ಲಿ ಇನ್ನೊಂದು ಕರಡು ಬಂತು, ಅದು ಕರಡಾಗಿಯೇ ಉಳಿಯಿತು.

ಇಟ್ಟಿಗೆ ಧೂಳು

ಕಳ್ಳಸಾಗಣೆ ಅಂದ ತಕ್ಷಣ ಎಲ್ಲರೂ ವೇಶ್ಯಾವಾಟಿಕೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ನಾನು ಯಾದಗಿರಿ, ರಾಯಚೂರು ಕಡೆ ಗುಳೆ ಹೋಗುವ ಕುಟುಂಬಗಳ ನಡುವೆ ಕೆಲಸ ಮಾಡಿದವನು. ನಾನು ಕಂಡ ಸಾಗಣೆ ಬೇರೆ ಥರ. ಮೇಸ್ತ್ರಿ ಬರುತ್ತಾನೆ. ಬಾಣಂತನಕ್ಕೋ ಮದುವೆಗೋ ಹಳೇ ಸಾಲಕ್ಕೋ ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ಮಕ್ಕಳು ಎಲ್ಲ ಸೇರಿ ಒಂದು ‘ಜೋಡಿ’ ಲೆಕ್ಕ. ಇಟ್ಟಿಗೆ ಭಟ್ಟಿಗೋ ಕಬ್ಬು ಕಡಿಯೋಕೋ ಲಾರಿ ಹತ್ತುತ್ತಾರೆ. ಲೆಕ್ಕದ ಪುಸ್ತಕ ಮಾಲೀಕನ ಹತ್ತಿರ ಇರುತ್ತದೆ. ಸೀಸನ್ ಮುಗಿದಾಗ ಮುಂಗಡ ಇನ್ನೂ ತೀರಿರುವುದಿಲ್ಲ. ಊರಿಗೆ ಹೋಗುತ್ತೇವೆ ಅಂದರೆ ದೊಡ್ಡ ಮಗನನ್ನು ಬಿಟ್ಟು ಹೋಗಿ ಅನ್ನುತ್ತಾರೆ. ಇದಕ್ಕೆ ಬೀಗ ಬೇಕಿಲ್ಲ, ಬೇಲಿ ಬೇಕಿಲ್ಲ.

ವಕೀಲರು ಹೇಳಿದ 143ನೇ ಕಲಮಿನ ವಿವರಣೆ ಓದಿ. ಶೋಷಣೆ ಅಂದರೆ ದೈಹಿಕ ಶೋಷಣೆ, ಲೈಂಗಿಕ ಶೋಷಣೆ, ಗುಲಾಮಗಿರಿ, ಭಿಕ್ಷಾಟನೆ, ಅಂಗಾಂಗ ತೆಗೆಯುವುದು ಅಂತೆಲ್ಲ ಇದೆ. ಬಲವಂತದ ದುಡಿಮೆ ಅನ್ನುವ ಪದವೇ ಅಲ್ಲಿಲ್ಲ. ಗುಲಾಮಗಿರಿಯಂಥದ್ದು ಅಂತ ವಾದ ಮಾಡಿ ಒಳಗೆ ತರಬೇಕು. ಮುಂದಿನ 144ನೇ ಕಲಮು ಸಾಗಿಸಿ ತಂದವರನ್ನು ಲೈಂಗಿಕವಾಗಿ ಬಳಸಿಕೊಂಡವರಿಗೆ ಮಾತ್ರ. ತಂದವರನ್ನು ಭಟ್ಟಿಯಲ್ಲಿ ದುಡಿಸಿಕೊಂಡವನಿಗೆ ಅಂಥ ಕಲಮಿಲ್ಲ.

ಹಾಗಾಗಿ ಠಾಣೆಯಲ್ಲಿ ಏನಾಗುತ್ತದೆ? ‘ಇದು ಕೂಲಿ ಜಗಳ, ಲೇಬರ್ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ’ ಅನ್ನುತ್ತಾರೆ. ಅವರು ‘ಇದು ಜೀತ, ತಹಶೀಲ್ದಾರರ ಹತ್ತಿರ ಹೋಗಿ’ ಅನ್ನುತ್ತಾರೆ. ತಹಶೀಲ್ದಾರರು ಎಸಿ (ಉಪವಿಭಾಗಾಧಿಕಾರಿ) ಕಡೆ ಕೈ ತೋರಿಸುತ್ತಾರೆ.

ಸುಮ್ನೆ ಓದುವವಳು

ಅಣ್ಣಾ, ಒಂದು ಅನುಮಾನ. ಮುಂಗಡ ತೆಗೆದುಕೊಂಡ ಮೇಲೆ ದುಡಿದು ತೀರಿಸಬೇಕಲ್ವಾ? ಅಡ್ವಾನ್ಸ್ ಕೊಟ್ಟವರೆಲ್ಲ ಅಪರಾಧಿಗಳಾ?

ಇಟ್ಟಿಗೆ ಧೂಳು

ಇಲ್ಲ ತಂಗಿ. ಮುಂಗಡ ಕೊಡುವುದೇ ತಪ್ಪಲ್ಲ. ಆ ಮುಂಗಡದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗಬಾರದು, ಊರಿಗೆ ಹೋಗಬಾರದು, ಕನಿಷ್ಠ ಕೂಲಿ ಸಿಗಬಾರದು ಅಂತಾದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುವುದು ಅದನ್ನೇ. ಇನ್ನೂ ಮುಖ್ಯ ವಿಷಯ ಏನೆಂದರೆ, ಜೀತಗಾರ ತಾನು ಜೀತಗಾರ ಅಂದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. 15ನೇ ಕಲಮು. 1982ರ ಏಷ್ಯಾಡ್ (ದಿಲ್ಲಿಯ ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಮ್ಮಿಗೆ ಒಬ್ಬ ದುಡಿಯುತ್ತಿದ್ದರೆ ಅವನನ್ನು ಹಸಿವು, ಬಡತನವೇ ಬಲವಂತ ಮಾಡಿದೆ ಅಂತ ತಿಳಿಯಬೇಕು, ಅದೂ 23ನೇ ವಿಧಿಯ ಬಲವಂತದ ದುಡಿಮೆಯೇ ಅಂದಿತು. ನಲವತ್ತು ವರ್ಷದ ಹಿಂದಿನ ತೀರ್ಪು, ಇವತ್ತಿಗೂ ಎಷ್ಟೋ ಅಧಿಕಾರಿಗಳಿಗೆ ಹೊಸ ಸುದ್ದಿ.

ಶಿಕ್ಷೆ ಕೇಳಿ ನಗಬೇಡಿ. ಜೀತಕ್ಕಿಟ್ಟುಕೊಂಡವನಿಗೆ ಗರಿಷ್ಠ 3 ವರ್ಷ, ದಂಡ 2,000 ರೂಪಾಯಿ. 1976ರ ಎರಡು ಸಾವಿರವೇ ಇನ್ನೂ ಹಾಗೇ ಇದೆ.

ನೇರ ಮಾತು

ನೋಡಿ, ಇಲ್ಲಾದರೂ ಶಿಕ್ಷೆ ಜಾಸ್ತಿ ಮಾಡಬೇಕು ಅಂತ ಒಪ್ಪುತ್ತೀರಲ್ಲ!

ಇಟ್ಟಿಗೆ ಧೂಳು

ಇಲ್ಲಿ ಒಪ್ಪುತ್ತೇನೆ. ಆದರೆ ಶಿಕ್ಷೆಗಿಂತ ದೊಡ್ಡ ಗಂಟು ದುಡ್ಡಿನಲ್ಲಿದೆ. ಕೇಂದ್ರದ 2016ರ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಕೇಳೋಕೆ ಚೆನ್ನಾಗಿದೆ. ಆದರೆ ಈ ಪೂರ್ತಿ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದ್ದಾರೆ. ತಕ್ಷಣಕ್ಕೆ ಸಿಗುವುದು ಬರೀ ಸಾವಿರಗಳ ಲೆಕ್ಕದ ನೆರವು, ಅದಕ್ಕೂ ಎಸಿ ಸಹಿ ಮಾಡಿದ ಬಿಡುಗಡೆ ಪತ್ರ ಬೇಕು. ಕೇಸು ಮುಗಿಯೋಕೆ ವರ್ಷಗಟ್ಟಲೆ ಆಗುತ್ತದೆ. ಅಷ್ಟರಲ್ಲಿ ಮೇಸ್ತ್ರಿ ಮತ್ತೆ ಮನೆ ಬಾಗಿಲಿಗೆ ಬಂದಿರುತ್ತಾನೆ, ಈ ಸಲ ಮುಂಗಡ ಸ್ವಲ್ಪ ಜಾಸ್ತಿ. ರಾಜ್ಯದ ಕಾಯ್ದೆ ಅಂತ ಬಂದರೆ ಅದರ ಮೊದಲ ಕಲಮು ಇದೇ ಆಗಲಿ: ಬಿಡುಗಡೆ ಪತ್ರ ಇಂತಿಷ್ಟು ಗಂಟೆಯೊಳಗೆ, ಹಣ ಇಂತಿಷ್ಟು ದಿನದೊಳಗೆ, ಕೋರ್ಟಿನ ತೀರ್ಪಿಗೆ ಕಾಯದೆ. ಇದಕ್ಕೆ ರಾಷ್ಟ್ರಪತಿ ಅಂಕಿತದ ಜಂಜಾಟವೂ ಇಲ್ಲ ಅಲ್ವಾ ವಕೀಲರೇ?

ಕೋರ್ಟು ಕಾರಿಡಾರ್

ರಾಜ್ಯ ತನ್ನ ಖಜಾನೆಯಿಂದ ಹಣ ಕೊಡುತ್ತೇನೆ ಅಂದರೆ ಯಾರೂ ತಡೆಯುವುದಿಲ್ಲ. ತನ್ನ ಅಧಿಕಾರಿಗೆ ಗಡುವು ಹಾಕುವುದಕ್ಕೂ ಅಷ್ಟೇ.

ಬಾಗಿಲ ಹಿಂದೆ

ನಾನು ಹಲವು ವರ್ಷ ಹೆಣ್ಣುಮಕ್ಕಳ ಆಶ್ರಯ ಗೃಹದಲ್ಲಿ ಆಪ್ತ ಸಮಾಲೋಚಕಿಯಾಗಿದ್ದವಳು. ಊರು ಹೇಳುವುದಿಲ್ಲ. ದಾಳಿಯ ಮರುದಿನ ಪತ್ರಿಕೆಯಲ್ಲಿ ‘ಇಷ್ಟು ಮಂದಿ ರಕ್ಷಣೆ’ ಅಂತ ಬರುತ್ತದೆ. ಆಮೇಲೆ ಅವರ ಸುದ್ದಿ ಯಾರಿಗೂ ಬೇಡ.

1956ರ ಅನೈತಿಕ ಸಾಗಣೆ ತಡೆ ಕಾಯ್ದೆಯ 17ನೇ ಕಲಮು ಓದಿದ್ದೀರಾ? ರಕ್ಷಿಸಿದ ಹೆಂಗಸನ್ನು ಮ್ಯಾಜಿಸ್ಟ್ರೇಟರು ರಕ್ಷಣಾ ಗೃಹದಲ್ಲಿ ಒಂದರಿಂದ ಮೂರು ವರ್ಷ ಇರಿಸಬಹುದು. ವಯಸ್ಕ ಹೆಂಗಸು, ಯಾವ ಅಪರಾಧವನ್ನೂ ಮಾಡಿಲ್ಲ, ಆದರೂ ಗೇಟಿನಾಚೆ ಹೋಗುವಂತಿಲ್ಲ. ಮನೆಯಲ್ಲಿ ಪುಟ್ಟ ಮಗು ಇರುತ್ತದೆ, ಫೋನು ಕೊಡುವುದಿಲ್ಲ. ಒಳಗೆ ಕಲಿಸುವುದು ಹೊಲಿಗೆ, ಮೇಣದಬತ್ತಿ, ಹಪ್ಪಳ. ಆ ದುಡಿಮೆಯಲ್ಲಿ ಬಾಡಿಗೆ ಕಟ್ಟಿ ಬದುಕಿದವರನ್ನು ನಾನು ನೋಡಿಲ್ಲ. ಗೋಡೆ ಹಾರಿ ಓಡಿಹೋದರೆ ‘ರಕ್ಷಣೆಯಿಂದ ಪರಾರಿ’ ಅಂತ ಸುದ್ದಿ ಬರುತ್ತದೆ. ಯಾಕೆ ಓಡಿದಳು ಅಂತ ಯಾರೂ ಕೇಳುವುದಿಲ್ಲ.

ಇದೇ ಕಾಯ್ದೆಯ 8ನೇ ಕಲಮು ಬೀದಿಯಲ್ಲಿ ಗಿರಾಕಿ ಕರೆದಳು ಅಂತ ಆ ಹೆಂಗಸಿನ ಮೇಲೇ ಕೇಸು ಹಾಕೋಕೆ ದಾರಿ ಕೊಡುತ್ತದೆ. ಒಂದು ಕೈಯಲ್ಲಿ ಸಂತ್ರಸ್ತೆ, ಇನ್ನೊಂದು ಕೈಯಲ್ಲಿ ಆರೋಪಿ. ದಂಡ ಕಟ್ಟಿ ಬಿಡಿಸಿಕೊಂಡು ಹೋಗೋಕೆ ಬರುವವರು ಯಾರು ಗೊತ್ತಾ? ಅವಳನ್ನು ದುಡಿಸುವವರೇ. ಆ ದಂಡವೂ ಅವಳ ಸಾಲಕ್ಕೆ ಸೇರುತ್ತದೆ.

ಮಂಗಳಗೌರಿ ಕಟ್ಟೆ

ಮೇಡಂ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಬೇರೆ ಮಗ್ಗುಲನ್ನೂ ನೋಡಬೇಕು. ನಾನೂ ಸ್ವಯಂಸೇವಕಿಯಾಗಿ ಓಡಾಡಿದವಳು. ಬಿಡಿಸಿಕೊಂಡು ಬಂದ ಹುಡುಗಿಯನ್ನು ‘ನಿನ್ನಿಷ್ಟ, ಹೋಗು’ ಅಂತ ಬಿಟ್ಟರೆ ಸಂಜೆಯೊಳಗೆ ದಲ್ಲಾಳಿ ಆಟೋದಲ್ಲಿ ಬಂದು ಕರೆದುಕೊಂಡು ಹೋಗುತ್ತಾನೆ. ‘ಚಿಕ್ಕಮ್ಮ’ ಅಂತ ಹೇಳಿಕೊಂಡು ಬಂದವಳಿಗೆ ಒಪ್ಪಿಸಿ, ಆಮೇಲೆ ಅವಳೇ ಘರ್‌ವಾಲಿ, ಅಂದರೆ ದಂಧೆಯ ಮನೆ ನಡೆಸುವವಳು ಅಂತ ಗೊತ್ತಾದದ್ದಿದೆ. ಮನೆ ವಿಚಾರಣೆ ಆಗುವ ತನಕವಾದರೂ ಇರಿಸಿಕೊಳ್ಳಲೇಬೇಕು. ಭಯದಲ್ಲಿರುವವರು ಮೊದಲ ದಿನ ಹೇಳುವ ‘ನನ್ನಿಷ್ಟದಿಂದ ಬಂದೆ’ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಬಾಗಿಲ ಹಿಂದೆ

ಅಕ್ಕಾ, ಮೊದಲ ದಿನದ ಮಾತನ್ನು ನಾನೂ ನಂಬುವುದಿಲ್ಲ. ಅದಕ್ಕೇ ಕೇಳುವವರು ಪೊಲೀಸರಾಗಬಾರದು, ಕೇಳುವುದು ಒಂದೇ ಸಲ ಆಗಬಾರದು ಅನ್ನುವುದು. ಒಂದೆರಡು ವಾರ ಸುರಕ್ಷಿತ ಜಾಗ, ಅವಳ ಭಾಷೆ ಬಲ್ಲವರು, ವೈದ್ಯರು, ಮನೆಗೆ ಫೋನು. ಬಂಗಾಳಿ ಮಾತನಾಡುವ ಹುಡುಗಿಯ ಹೇಳಿಕೆಯನ್ನು ಕನ್ನಡದಲ್ಲಿ ಬರೆದು ಸಹಿ ಹಾಕಿಸುವುದನ್ನು ಕಣ್ಣಾರೆ ಕಂಡಿದ್ದೇನೆ. 18 ತುಂಬದವರ ವಿಷಯ ಬೇರೆ. ಅವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಲೇಬೇಕು, ಅದರಲ್ಲಿ ಮಾತಿಲ್ಲ. ಆದರೆ ವಯಸ್ಕರನ್ನು ಮೂರು ವರ್ಷ ಕೂಡಿಹಾಕಿ ಅದಕ್ಕೆ ರಕ್ಷಣೆ ಅನ್ನಬೇಡಿ. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ, ಸ್ವಇಚ್ಛೆಯಿಂದ ಇರುವ ವಯಸ್ಕ ಲೈಂಗಿಕ ಕಾರ್ಯಕರ್ತೆಯರನ್ನು ದಾಳಿಯ ಹೆಸರಲ್ಲಿ ಬಂಧಿಸಬಾರದು, ಹಿಂಸಿಸಬಾರದು ಅಂತ.

ಮಂಗಳಗೌರಿ ಕಟ್ಟೆ

ಒಂದೆರಡು ವಾರ ಸಾಕಾಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಇಲ್ಲಿ ನಾವಿಬ್ಬರೂ ಒಪ್ಪಲ್ಲ ಬಿಡಿ. ಭಾಷಾಂತರ ಮಾಡುವವರ ವಿಷಯ ಮಾತ್ರ ನೂರಕ್ಕೆ ನೂರು ನಿಜ.

ಕೃಷ್ಣೆ ಕಡೆಯವಳು

ಶಿಕ್ಷೆ ಹೆಚ್ಚಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಕಡೆ ಹುಡುಕಬೇಕಾಗಿಲ್ಲ, ನಮ್ಮ ರಾಜ್ಯದ್ದೇ ಕಾಯ್ದೆ ಇದೆ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ. ಮುತ್ತು ಕಟ್ಟಿಸಿದವರಿಗೆ 3 ವರ್ಷದ ತನಕ ಜೈಲು. ತಂದೆ ತಾಯಿಯೇ ಮಾಡಿಸಿದರೆ 2ರಿಂದ 5 ವರ್ಷ. ಉದ್ದೇಶ ಒಳ್ಳೆಯದೇ. ಆದರೆ ಹೆತ್ತ ತಾಯಿ ಜೈಲಿಗೆ ಹೋಗುತ್ತಾಳೆ ಅಂದರೆ ಯಾವ ಮಗಳು ಠಾಣೆಗೆ ಬಂದು ದೂರು ಕೊಡುತ್ತಾಳೆ? ಮೊದಲು ಬಹಿರಂಗವಾಗಿ ಆಗುತ್ತಿದ್ದದ್ದು ಆಮೇಲೆ ಮನೆಯೊಳಗೆ, ರಾತ್ರಿ, ಗುಟ್ಟಾಗಿ ಆಗತೊಡಗಿತು. ಅಲ್ಲಿಂದ ಎಷ್ಟೋ ಹುಡುಗಿಯರು ಮುಂಬೈ, ಪುಣೆ, ಸಾಂಗ್ಲಿಯ ಕಡೆ ಹೋದರು. ಕಾಯ್ದೆ ಪುಸ್ತಕದಲ್ಲಿ ಇದ್ದೇ ಇತ್ತು.

2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯ ಹೆಸರಿನಲ್ಲೇ ಪರಿಹಾರ, ಪುನರ್ವಸತಿ ಅನ್ನುವ ಮಾತುಗಳಿವೆ. ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕು ಅಂತಿಲ್ಲ. ಬೇಕಾದರೆ ತಂದೆ ಯಾರು ಅಂತ ತೀರ್ಮಾನಿಸಲು ಕಾನೂನಿನ ಮೊರೆ ಹೋಗಬಹುದು. ಇದು ಆಕಾಶದಿಂದ ಬಿದ್ದದ್ದಲ್ಲ, ಆ ಹೆಣ್ಣುಮಕ್ಕಳೂ ಅವರ ಮಕ್ಕಳೂ ಸಂಘಟನೆ ಕಟ್ಟಿ ವರ್ಷಾನುಗಟ್ಟಲೆ ಕೇಳಿದ್ದು. ಮನವಿ ಬರೆಯುವ ಮೊದಲು ಇದನ್ನು ಓದಿ. ರಾಜ್ಯದ ಕಾಯ್ದೆ ಹೇಗಿರಬಹುದು ಅನ್ನುವುದಕ್ಕೆ ಹತ್ತಿರದ ಮಾದರಿ ಇದೇ.

ವೇದಿಕೆ ನಿರ್ವಾಹಕ

ಒಂದು ಪ್ರತಿಕ್ರಿಯೆ ತೆಗೆದುಹಾಕಿದ್ದೇನೆ. ರಕ್ಷಿಸಲಾದ ಬಾಲಕಿಯ ಫೋಟೊ ಅದರಲ್ಲಿತ್ತು, ಮುಖ ಅರ್ಧ ಮಸುಕು ಮಾಡಿದ್ದರೂ ಶಾಲೆಯ ಬೋರ್ಡು ಕಾಣುತ್ತಿತ್ತು. ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಮಗುವಿನ ಗುರುತು ಬಯಲು ಮಾಡುವುದೇ ಅಪರಾಧ, 6 ತಿಂಗಳ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ. ‘ಜಾಗೃತಿಗಾಗಿ ಹಾಕಿದೆ’ ಅನ್ನುವುದು ಕಾರಣವಾಗುವುದಿಲ್ಲ. ಚರ್ಚೆ ಮುಂದುವರಿಸಿ.

ಹಡ್ಸನ್ ದಂಡೆ

ನಾನಿರುವುದು ಅಮೆರಿಕದಲ್ಲಿ, ಹಾಗಾಗಿ ಇಲ್ಲಿನ ರಾಜ್ಯಗಳ ವಿಷಯ ಸ್ವಲ್ಪ ಹೇಳುತ್ತೇನೆ. 2000ರಲ್ಲಿ ಕೇಂದ್ರದ ಕಾನೂನು ಬಂತು. ರಾಜ್ಯಗಳಲ್ಲಿ ಮೊದಲು ಇದನ್ನು ಅಪರಾಧ ಅಂತ ಬರೆದದ್ದು ವಾಷಿಂಗ್ಟನ್, 2003ರಲ್ಲಿ. ಹತ್ತು ವರ್ಷದಲ್ಲಿ ಐವತ್ತೂ ರಾಜ್ಯಗಳು ಬರೆದವು. ಮೊದಲ ಅಲೆ ಪೂರ್ತಿ ಶಿಕ್ಷೆಯ ಮೇಲೇ ಇತ್ತು, ನಿಮ್ಮ ಮೊದಲ ಕರಡಿನ ಥರ. ಆಮೇಲೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಹದಿನೈದು ವರ್ಷದ ಹುಡುಗಿ ಒಂದು ಕಾನೂನಿನಲ್ಲಿ ಸಂತ್ರಸ್ತೆ, ಇನ್ನೊಂದರಲ್ಲಿ ವೇಶ್ಯಾವಾಟಿಕೆಯ ಆರೋಪಿ. 2008ರಲ್ಲಿ ನ್ಯೂಯಾರ್ಕ್ ಅಂಥ ಮಕ್ಕಳನ್ನು ಅಪರಾಧಿಗಳ ಹಾಗೆ ನೋಡದೆ ನೆರವಿನ ಕಡೆ ಕಳುಹಿಸುವ ಕಾನೂನು ಮಾಡಿತು. 2010ರಲ್ಲಿ ಅದೇ ರಾಜ್ಯ ಇನ್ನೊಂದು ಮಾಡಿತು. ಬಲವಂತದಲ್ಲಿದ್ದಾಗ ಬಿದ್ದ ವೇಶ್ಯಾವಾಟಿಕೆ ಕೇಸಿನ ಶಿಕ್ಷೆಯನ್ನು ಆಮೇಲೆ ರದ್ದು ಮಾಡಿಸಿಕೊಳ್ಳಬಹುದು. ಹಳೇ ಕೇಸು ದಾಖಲೆಯಲ್ಲಿದ್ದರೆ ಕೆಲಸ ಸಿಗಲ್ಲ, ಬಾಡಿಗೆ ಮನೆ ಸಿಗಲ್ಲ. ಬೇರೆ ರಾಜ್ಯಗಳೂ ಒಂದೊಂದಾಗಿ ಹಿಂಬಾಲಿಸಿದವು, ಆದರೆ ಎಲ್ಲ ಕಡೆ ಒಂದೇ ಅಳತೆ ಇಲ್ಲ.

ಕ್ಯಾಲಿಫೋರ್ನಿಯಾದ 2012ರ ಕಾನೂನು ಇನ್ನೂ ಸರಳ. ಬಾರು, ಬಸ್ ನಿಲ್ದಾಣ, ಲಾರಿ ತಂಗುದಾಣಗಳಂಥ ಕಡೆ ಸಹಾಯವಾಣಿ ನಂಬರಿನ ಫಲಕ ಹಾಕಲೇಬೇಕು, ಹಾಕದಿದ್ದರೆ ಮಾಲೀಕರಿಗೆ ದಂಡ.

ಕೋರ್ಟು ಕಾರಿಡಾರ್

ಹಳೇ ಶಿಕ್ಷೆ ರದ್ದು ಮಾಡಿಸುವ ವಿಚಾರ ನನಗೆ ತುಂಬಾ ಹಿಡಿಸಿತು. ನಮ್ಮಲ್ಲಿ 1956ರ ಕಾಯ್ದೆಯ 8ನೇ ಕಲಮಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದವರಿಗೆ ಅಂಥ ದಾರಿಯೇ ಇಲ್ಲ. ಅದಕ್ಕೆ ಅಂಕಿತ ಬೇಕಾಗಬಹುದು, ಆದರೂ ಕೇಳಿ.

ನಿವೃತ್ತ ಖಾಕಿ

ಪೊಲೀಸರನ್ನು ಬೈಯುವುದು ಸುಲಭ. ನಾನು ಮಾನವ ಕಳ್ಳಸಾಗಣೆ ತಡೆ ಘಟಕದಲ್ಲಿ ಇದ್ದವನು. ಘಟಕ ಅಂದರೆ ಜನ ಏನೋ ದೊಡ್ಡ ಪಡೆ ಅಂದುಕೊಳ್ಳುತ್ತಾರೆ. ಕೈಬೆರಳೆಣಿಕೆಯ ಸಿಬ್ಬಂದಿ, ಅವರಿಗೂ ಬಂದೋಬಸ್ತ್, ಚುನಾವಣೆ, ಜಾತ್ರೆ ಡ್ಯೂಟಿ. ಹುಡುಗಿ ಬಂಗಾಳದವಳು, ಮಾರಿದವನು ಬಿಹಾರದವನು, ಸಿಕ್ಕಿದ್ದು ಇಲ್ಲಿ. ತನಿಖೆಗೆ ಹೋಗಿಬರುವ ಖರ್ಚಿಗೆ ಮುಂಗಡ ಮಂಜೂರು ಆಗುವ ಹೊತ್ತಿಗೆ ಆರೋಪಿ ಫೋನ್ ನಂಬರ್ ಬದಲಾಯಿಸಿರುತ್ತಾನೆ.

ಕೇಸು ಬೀಳುವುದು ಕೋರ್ಟಿನಲ್ಲಿ. ಹುಡುಗಿ ಊರಿಗೆ ವಾಪಸು ಹೋಗಿ ಮೂರು ವರ್ಷವಾಗಿರುತ್ತದೆ, ಮದುವೆ ಆಗಿರುತ್ತದೆ. ಆಗ ಸಮನ್ಸ್ ಹೋಗುತ್ತದೆ. ಗಂಡನ ಮನೆಯವರ ಮುಂದೆ ಪೊಲೀಸರು ಬಂದು ನಿಂತರೆ ಅವಳು ಬರುತ್ತಾಳಾ? ಬಂದರೂ ‘ನನಗೆ ಏನೂ ನೆನಪಿಲ್ಲ’ ಅನ್ನುತ್ತಾಳೆ. ಅಲ್ಲಿಗೆ ಸಾಕ್ಷಿ ಪ್ರತಿಕೂಲ, ಕೇಸು ಖುಲಾಸೆ.

ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸಾಕ್ಷಿಯನ್ನು ವಿಡಿಯೊ ಮೂಲಕ ವಿಚಾರಿಸೋಕೆ ಅವಕಾಶ ಇದೆ. ಆದರೆ ಅದಕ್ಕೆ ಗೊತ್ತುಪಡಿಸಿದ ಜಾಗವನ್ನು ರಾಜ್ಯ ಸರ್ಕಾರ ಅಧಿಸೂಚನೆಯಲ್ಲಿ ಹೇಳಬೇಕು. ಸಂತ್ರಸ್ತೆಯ ಊರಿನ ಹತ್ತಿರದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿಂದಲೇ ಅವಳು ಸಾಕ್ಷಿ ಹೇಳುವ ಹಾಗೆ ಆ ರಾಜ್ಯಗಳ ಜೊತೆ ಒಪ್ಪಂದ ಮಾಡಿಕೊಳ್ಳಲಿ. ಅದೇ ಸಂಹಿತೆಯ 398ನೇ ಕಲಮು ಪ್ರತಿ ರಾಜ್ಯವೂ ಸಾಕ್ಷಿ ರಕ್ಷಣಾ ಯೋಜನೆ ಮಾಡಲೇಬೇಕು ಅನ್ನುತ್ತದೆ. ಅದರಲ್ಲಿ ಕಳ್ಳಸಾಗಣೆಯ ಸಂತ್ರಸ್ತರಿಗೆ ಪ್ರತ್ಯೇಕ ಭಾಗ ಇರಲಿ.

ಇನ್ನೊಂದು, ದುಡ್ಡಿನ ಬೆನ್ನು ಹತ್ತಿ. ಅದೇ ಸಂಹಿತೆಯ 107ನೇ ಕಲಮಿನಲ್ಲಿ ಅಪರಾಧದಿಂದ ಗಳಿಸಿದ ಆಸ್ತಿಯನ್ನು ಮುಟ್ಟುಗೋಲು ಹಾಕಿ, ಕೋರ್ಟಿನ ಆದೇಶದ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರು ಅದನ್ನು 60 ದಿನದೊಳಗೆ ನೊಂದವರಿಗೆ ಹಂಚಬಹುದು. ಹತ್ತು ವರ್ಷ ಜೈಲು ಅಂದರೆ ಹೆದರದವನು ಮೂರು ಅಂತಸ್ತಿನ ಮನೆ ಹೋಗುತ್ತದೆ ಅಂದರೆ ಹೆದರುತ್ತಾನೆ. ಇದು ನನ್ನ ಅನುಭವ.

ನೇರ ಮಾತು

ಇದು ಸರಿ. ಗಲ್ಲಿನ ಮಾತು ಹಾಗೇ ಇರಲಿ, ಆದರೆ ಆಸ್ತಿ ಜಪ್ತಿಯನ್ನು ಮನವಿಯಲ್ಲಿ ಮೊದಲು ಹಾಕಿ. ಮತ್ತೆ ‘ಬೇಗ ತೀರ್ಪು’ ಯಾಕೆ ಯಾರೂ ಮುಟ್ಟಲಿಲ್ಲ?

ಕೋರ್ಟು ಕಾರಿಡಾರ್

ಮುಟ್ಟುತ್ತೇನೆ. 2025ರ ಏಪ್ರಿಲ್‌ನಲ್ಲಿ, ಉತ್ತರ ಪ್ರದೇಶದ ಮಕ್ಕಳ ಮಾರಾಟದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆರೋಪಿಗಳ ಜಾಮೀನು ರದ್ದು ಮಾಡಿತು. ದೇಶದಲ್ಲಿ ಬಾಕಿ ಇರುವ ಮಕ್ಕಳ ಕಳ್ಳಸಾಗಣೆ ವಿಚಾರಣೆಗಳನ್ನು 6 ತಿಂಗಳಲ್ಲಿ ಮುಗಿಸುವ ಹಾಗೆ ನೋಡಿಕೊಳ್ಳಿ ಅಂತ ಹೈಕೋರ್ಟುಗಳಿಗೆ ಹೇಳಿತು. ಆಸ್ಪತ್ರೆಯಿಂದ ನವಜಾತ ಶಿಶು ಕಳ್ಳಸಾಗಣೆಯಾದರೆ ಮೊದಲು ಆ ಆಸ್ಪತ್ರೆಯ ಪರವಾನಗಿ ಅಮಾನತು ಮಾಡಿ ಅಂತಲೂ ಹೇಳಿತು. ರಾಜ್ಯ ಮಾಡಬೇಕಾದದ್ದು ನ್ಯಾಯಾಧೀಶರು, ಸರ್ಕಾರಿ ಅಭಿಯೋಜಕರು ಇರುವ ಹಾಗೆ ನೋಡಿಕೊಳ್ಳುವುದು. 1956ರ ಕಾಯ್ದೆಯ 22ಎ ಕಲಮಿನಲ್ಲಿ ಹೈಕೋರ್ಟ್ ಜೊತೆ ಮಾತಾಡಿ ವಿಶೇಷ ನ್ಯಾಯಾಲಯ ಸ್ಥಾಪಿಸುವ ಅಧಿಕಾರ ರಾಜ್ಯಕ್ಕೇ ಇದೆ. ಹೊಸ ಕಾಯ್ದೆ ಬೇಡ, ಒಂದು ಅಧಿಸೂಚನೆ ಸಾಕು.

ಡಿಪ್ಲೊಮಾ ಹುಡುಗ

ನಮ್ಮ ವಯಸ್ಸಿನವರ ವಿಷಯ ಯಾರೂ ಎತ್ತಲಿಲ್ಲ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಕರೆದುಕೊಂಡು ಹೋಗಿ, ಗಡಿ ದಾಟಿಸಿ ಮ್ಯಾನ್ಮಾರಿನಲ್ಲೋ ಕಾಂಬೋಡಿಯಾದಲ್ಲೋ ಬಿಡುತ್ತಾರೆ. ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಪಸು ಕರೆತಂದದ್ದು ಇಂಥ ಕಡೆಯಿಂದಲೇ. ಇವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ಊರಿಗೆ ಬಂದರೆ ‘ನೀನೂ ಮೋಸ ಮಾಡಿದವನೇ’ ಅನ್ನುತ್ತಾರೆ.

ಕೋರ್ಟು ಕಾರಿಡಾರ್

ಒಳ್ಳೆಯ ಪ್ರಶ್ನೆ ತಮ್ಮಾ. ಮೋಸದಿಂದ, ಬಲವಂತದಿಂದ ಕರೆದೊಯ್ದು ದುಡಿಸಿದರೆ ಸಂತ್ರಸ್ತರೇ. ಬಲವಂತದಲ್ಲಿ ಮಾಡಿದ ಅಪರಾಧಕ್ಕೆ ಅವರನ್ನು ಶಿಕ್ಷಿಸಬಾರದು ಅನ್ನುವ ನೇರ ಕಲಮು ನಮ್ಮಲ್ಲಿಲ್ಲ. ವಿದೇಶಕ್ಕೆ ಕಳುಹಿಸುವುದು 1983ರ ವಲಸೆ ಕಾಯ್ದೆಯ ಕೆಳಗೆ ಕೇಂದ್ರದ ವಿಷಯ. ಆದರೂ ರಾಜ್ಯಗಳು ಏಜೆಂಟರನ್ನು ಹಿಡಿದಿವೆ. ಪಂಜಾಬ್ 2012ರಲ್ಲಿ ಟ್ರಾವೆಲ್ ಏಜೆಂಟರಿಗೆ ಪರವಾನಗಿ ಕಡ್ಡಾಯ ಮಾಡಿತು. ಹರಿಯಾಣ 2025ರಲ್ಲಿ ಅಂಥದ್ದೇ ಕಾಯ್ದೆ ತಂದಿತು. ಪಂಜಾಬಿನಲ್ಲಿ ಇಷ್ಟು ವರ್ಷದ ಮೇಲೂ ಪರವಾನಗಿ ಇಲ್ಲದವರು ನಿಂತಿಲ್ಲ, ಅದನ್ನೂ ಹೇಳಬೇಕು.

ಸುಮ್ನೆ ಓದುವವಳು

ಮನೆಗೆಲಸಕ್ಕೆ ಹುಡುಗಿಯರನ್ನು ಕಳುಹಿಸುವ ಏಜೆನ್ಸಿಗಳಿಗೆ ಏನಾದರೂ ಇದೆಯಾ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ ಜಾರ್ಖಂಡಿನಿಂದ ಹುಡುಗಿ ತರಿಸಿದ್ದಾರೆ. ಹದಿನೆಂಟು ಅನ್ನುತ್ತಾರೆ, ನೋಡಿದರೆ ಹದಿನಾಲ್ಕು ಅನಿಸುತ್ತದೆ.

ಬಾಗಿಲ ಹಿಂದೆ

ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ತಂಗಿ, ಇವತ್ತೇ. ಹೆಸರು ಹೇಳಬೇಕಾಗಿಲ್ಲ. ವಯಸ್ಸು ಎಷ್ಟು ಅಂತ ತೀರ್ಮಾನ ಮಾಡುವುದು ನಿಮ್ಮ ಕೆಲಸ ಅಲ್ಲ, ಅನುಮಾನ ಇದ್ದರೆ ಸಾಕು. ಆ ಮನೆಯವರ ಹತ್ತಿರ ಮೊದಲು ಕೇಳೋಕೆ ಮಾತ್ರ ಹೋಗಬೇಡಿ, ರಾತ್ರೋರಾತ್ರಿ ಸಾಗಹಾಕುತ್ತಾರೆ.

ಏಜೆನ್ಸಿಗಳ ವಿಷಯಕ್ಕೆ ಬಂದರೆ ಛತ್ತೀಸಗಢ 2013ರಲ್ಲಿ, ಜಾರ್ಖಂಡ್ 2016ರಲ್ಲಿ ಕಾಯ್ದೆ ಮಾಡಿವೆ. ಅವು ಹುಡುಗಿಯರು ಹೊರಡುವ ರಾಜ್ಯಗಳು. ನಮ್ಮದು ಬಂದು ಇಳಿಯುವ ರಾಜ್ಯವೂ ಹೌದು. ಅಲ್ಲಿ ನೋಂದಣಿ ಇದ್ದರೂ ಇಲ್ಲಿ ಯಾರ ಮನೆಗೆ ಬಂದಳು, ಸಂಬಳ ಯಾರ ಖಾತೆಗೆ ಹೋಯಿತು ಅಂತ ನೋಡುವವರು ಬೇಕಲ್ಲ.

ಸುಮ್ನೆ ಓದುವವಳು

ಮಾಡಿದೆ ಅಕ್ಕಾ. ಬರುತ್ತೇವೆ ಅಂದಿದ್ದಾರೆ.

ತುಂಗೆಯ ದಡ

ಎಲ್ಲರಿಗೂ ಥ್ಯಾಂಕ್ಸ್. ಕರಡನ್ನು ಪೂರ್ತಿ ಹೊಸದಾಗಿ ಬರೆಯುತ್ತಿದ್ದೇವೆ. ಜೀತ ಬಿಡುಗಡೆಗೆ ಗಡುವು, ತೀರ್ಪಿಗೆ ಕಾಯದ ಹಣ, ಭಾಷಾಂತರದವರು, ಊರಿನಿಂದಲೇ ವಿಡಿಯೊ ಸಾಕ್ಷ್ಯ, ಆಸ್ತಿ ಜಪ್ತಿ ಇಷ್ಟು ಖಂಡಿತ. ವಯಸ್ಕರನ್ನು ಗೃಹದಲ್ಲಿ ಎಷ್ಟು ದಿನ ಇಡಬೇಕು ಅನ್ನುವುದರಲ್ಲಿ ನಮ್ಮ ಬಳಗದಲ್ಲೂ ಎರಡು ಗುಂಪು. ಒಂದೇ ಪ್ರಶ್ನೆ ಉಳಿದಿದೆ. ಶಾಸಕರು ‘ದುಡ್ಡು ಎಲ್ಲಿಂದ?’ ಅನ್ನುತ್ತಾರೆ.

ನಿವೃತ್ತ ಖಾಕಿ

ನಿಮ್ಮ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಭಿಕ್ಷುಕರ ಕರ ಅಂತ 3 ಪರ್ಸೆಂಟ್ ಇರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಗಾಗಿ ತೆಗೆದುಕೊಳ್ಳುವುದು. ತಮಾಷೆ ನೋಡಿ, ನ್ಯಾಯ ಸಂಹಿತೆಯಲ್ಲಿ ಭಿಕ್ಷೆಗೆ ಇಳಿಸಲ್ಪಟ್ಟವರು ಕಳ್ಳಸಾಗಣೆಯ ಸಂತ್ರಸ್ತರು. ರಾಜ್ಯದ ಕಾಯ್ದೆಯಲ್ಲಿ ಭಿಕ್ಷೆ ಬೇಡಿದವರನ್ನೇ ಹಿಡಿದು ಪರಿಹಾರ ಕೇಂದ್ರಕ್ಕೆ ಹಾಕಬೇಕು. ಆ ಕಾಯ್ದೆಯನ್ನು ತಿದ್ದಿ, ಆ ಕರದ ಒಂದು ಪಾಲನ್ನು ಇದಕ್ಕೆ ಕೇಳಿ. ತಿದ್ದುವುದು ಪೂರ್ತಿ ವಿಧಾನಸಭೆಯ ಕೈಯಲ್ಲೇ ಇದೆ.

ಇಟ್ಟಿಗೆ ಧೂಳು

ಇದು ನನಗೂ ಹೊಳೆದಿರಲಿಲ್ಲ, ಭೇಷ್. ಜೊತೆಗೆ ಇನ್ನೊಂದು ಹುಂಡಿ ಇದೆ. ಜೀತ ಪುನರ್ವಸತಿಗಾಗಿ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 10 ಲಕ್ಷದ ಕಾಯಂ ನಿಧಿ ಇರಬೇಕು ಅಂತ ಕೇಂದ್ರದ ಯೋಜನೆಯಲ್ಲೇ ಇದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು ಅಂತ 1976ರ ಕಾಯ್ದೆಯಲ್ಲಿದೆ. ನಿಮ್ಮ ಜಿಲ್ಲೆಯಲ್ಲಿ ಆ ಸಮಿತಿ ಕೊನೆಗೆ ಯಾವಾಗ ಸೇರಿತ್ತು, ನಿಧಿಯಲ್ಲಿ ಎಷ್ಟಿದೆ, ಐದು ವರ್ಷದಲ್ಲಿ ಎಷ್ಟು ಬಿಡುಗಡೆ ಪತ್ರ ಕೊಟ್ಟಿದ್ದಾರೆ, ಈ ಮೂರನ್ನು ಮೊದಲು ಮಾಹಿತಿ ಹಕ್ಕಿನಲ್ಲಿ ಕೇಳಿ. ಉತ್ತರವನ್ನು ಮನವಿಗೆ ಲಗತ್ತಿಸಿ ಕೊಟ್ಟರೆ ಶಾಸಕರು ಸುಮ್ನೆ ಪಕ್ಕಕ್ಕಿಡೋಕೆ ಆಗಲ್ಲ.

ತುಂಗೆಯ ದಡ

ಸೋಮವಾರವೇ ಹಾಕುತ್ತೇವೆ ಅಣ್ಣಾ. ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದಾ?

ಕೋರ್ಟು ಕಾರಿಡಾರ್

ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೂರು ಬೇರೆ ಬೇರೆ ಹಾಕಿ, ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್. ಜಿಲ್ಲಾಧಿಕಾರಿ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ, ಸ್ವೀಕೃತಿ ಸೀಲು ಹಾಕಿಸಿಕೊಂಡು ಬನ್ನಿ. 30 ದಿನ ಕಾದು ಉತ್ತರ ಬರದಿದ್ದರೆ ಇಲ್ಲೇ ಹೇಳಿ, ಮೇಲ್ಮನವಿ ನಾನು ಬರೆದುಕೊಡುತ್ತೇನೆ.